ಅಪ್‌ಡೇಟ್: ಸಾವಯವ ತೊಗರಿಗೆ ಹುಳು ಬಿದ್ದ ವಿಚಾರ

ಮನೆಯೂಟ ಊರಿನ ಸಾವಯವ ಧಾನ್ಯಕ್ಕೆ ಬದಲಾದ ಮೇಲೆ ಆಳಂದದ ರೈತರಿಂದ ವರ್ಷದ ತೊಗರಿ ತಂದಿದ್ದೆವು. ಧಾನ್ಯದಲ್ಲಿಡುವ ಹುಳು ಕೊಲ್ಲುವ ವಿಷದ ಮಾತ್ರೆ ಬಳಸದೆ ಹುಳು ತಡೆಯುವುದು ಹೇಗೆಂದು ಇಲ್ಲಿ ಕೇಳಿದ್ದೆ.

ಬೇವಿನ ಎಲೆಯಿಂದ ಏನೂ ಆಗಲಿಲ್ಲ. ಎಲೆಯ ಮೇಲೆಯೇ ಹುಳುಗಳ ಸವಾರಿ! ‘ಇಡೀ ಕಾಳು ಇಡಬೇಡಿ, ಬೇಳೆ ಮಾಡಿಸಿ’ ಎಂದವರ ಸಲಹೆಯೇ ಫಲಿಸಿತು. ಮಾಳಿಗೆಯ ಮೇಲೆ ಕಲಬುರಗಿಯ ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು, ಗಿರಣಿಯಲ್ಲಿ ಒಡೆಸಿ, ಅಂಗೈಗೆ ಹರಳೆಣ್ಣೆ ಸವರಿಕೊಂಡು ಬೇಳೆಗೆ ತಿಕ್ಕಿದೆವು. ಈಗ ಡಬ್ಬಿ ಸ್ವಚ್ಛವಾಗಿದೆ.

ನನಗೆ ಅಚ್ಚರಿಯೆನಿಸಿದ್ದು, ಈ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಡುತ್ತದಂತೆ; ಮನೆಗೆ ಬರುವಾಗಲೇ ಕಾಳಿನೊಳಗೆ ಕುಳಿತಿರುತ್ತದೆ. ಪಾಪ, ಡಬ್ಬಿಯನ್ನು ಸುಮ್ಮನೆ ಬೈದೆವು.

ಬೇಯಿಸುವ ಮೊದಲು ಬೇಳೆಯನ್ನು ಬಿಸಿ ನೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಸಾರಿಗೆ ಎಣ್ಣೆಯ ವಾಸನೆ ಬಂದು, ನಮ್ಮತ್ತೆಯವರಂತೆ ನಿಮ್ಮ ಮನೆಯಲ್ಲೂ ಯಾರಾದರೂ ಮುಖ ಸಿಂಡರಿಸಿಯಾರು.