ಪದಚರ್ಚೆ: ಮೇಣದ ಹುಳು ಕೊಲ್ಲುವ ಬ್ಯಾಕ್ಟೀರಿಯಾಕ್ಕೆ ಏನೆನ್ನೋಣ?

ಸಕಲೇಶಪುರದಿಂದ:

ಗೆಳೆಯರೇ, ಒಂದು ಪದ ಅರ್ಜೆಂಟಾಗಿ ಬೇಕು. ತುಡುವೆ ಜೇನು ಸಾಕುವವರಿಗೆ ಕರಪತ್ರ ಮಾಡುತ್ತಿದ್ದೇವೆ. ನಾಳೆ ಬೆಳಿಗ್ಗೆ ಹಾಸನದಲ್ಲಿ ಅಚ್ಚಿಗೆ ಕೊಡಬೇಕು. ವಿಷಯ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಅದರಲ್ಲಿ ಐಜವಾಯ್ ಎಂಬ ಬಗೆಯನ್ನು ನೀರಲ್ಲಿ ಕಲಸಿ, ಎತ್ತಿಡುವ ಖಾಲಿ ಎರಿಗಳಿಗೆ, ಅಂದರೆ ಜೇನು ಕಟ್ಟುವ ಮೇಣದ ತಟ್ಟಿಗಳಿಗೆ, ಸಿಂಪಡಿಸುತ್ತಾರೆ. ಎರಿಯೊಳಗೆ ಸುರಂಗ ಕೊರೆದು, ಬಲೆ ನೇಯ್ದು, ಕೊನೆಗೆ ಎರಿಯನ್ನೇ ಪುಡಿ ಮಾಡುತ್ತದಲ್ಲ ಮೇಣದ ಹುಳು, ಅದು ಎಳೆಯದಿದ್ದಾಗಲೇ ತಿಂದು ಸಾಯುತ್ತದೆ. ಜೇನಿಗೆ ತೊಂದರೆಯಿಲ್ಲ. ನಾನು ‘ಜೈವಿಕ ನಿಯಂತ್ರಣಕಾರಕ ಏಕಾಣುಜೀವಿ’ ಎಂದು ಬರೆದಿದ್ದೆ. ಓದಿ ಹೇಳಿದರೆ ಯಾರ ತಲೆಗೂ ಹತ್ತಲಿಲ್ಲ.

ಚಿಕ್ಕಮಗಳೂರಿನಿಂದ:

‘ದುಂಡಾಣು’ ಇದೆಯಲ್ಲ. ಕೃಷಿ ಪುಸ್ತಕಗಳಲ್ಲಿ ಇದೇ ಬಳಕೆ. ನಮ್ಮದೇ ಪದ ಇದ್ದೂ ಸಾಲ ತರುವುದು ಸೋಮಾರಿತನ.

ಅರಸೀಕೆರೆಯಿಂದ:

ದುಂಡಾಣು ಬೇಡವೇ ಬೇಡ. ದುಂಡು ಎಂದರೆ ಗುಂಡಗಿರುವುದು. ಇದು ಕಡ್ಡಿಯ ಹಾಗಿರುವ ಜೀವಿ. ಲ್ಯಾಟಿನ್ನಿನ ಬ್ಯಾಸಿಲಸ್ ಎಂದರೇ ಸಣ್ಣ ಕೋಲು. ಬ್ಯಾಕ್ಟೀರಿಯಾದ ಗ್ರೀಕ್ ಮೂಲಕ್ಕೂ ಅದೇ ಅರ್ಥ. ಇನ್ನೊಂದು, ರೈತರ ಕಿವಿಗೆ ದುಂಡಾಣು ಬಿದ್ದಿರುವುದು ರೋಗದ ಹೆಸರಾಗಿ. ದಾಳಿಂಬೆಯ ದುಂಡಾಣು ಅಂಗಮಾರಿ ಗೊತ್ತಲ್ವಾ? ‘ಎರಿಗೆ ದುಂಡಾಣು ಸಿಂಪಡಿಸಿ’ ಎಂದರೆ ಯಾರು ಸಿಂಪಡಿಸುತ್ತಾರೆ?

ಪದ ಹಾಗಿರಲಿ, ಕರಪತ್ರದಲ್ಲಿ ರೇಷ್ಮೆಯ ಮಾತು ಇದೆಯಾ? ಈ ಬ್ಯಾಕ್ಟೀರಿಯಾವನ್ನು 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾತಾ ಮೊದಲು ಗುರುತಿಸಿದ್ದೇ ರೋಗ ಬಂದ ರೇಷ್ಮೆ ಹುಳುವಿನಲ್ಲಿ. ಜರ್ಮನಿಯ ಥುರಿಂಜಿಯಾದಲ್ಲಿ ಹಿಟ್ಟಿನ ಪತಂಗದ ಹುಳುವಿನಲ್ಲಿ ವಿಜ್ಞಾನಿ ಬರ್ಲಿನರ್‌ಗೆ ಸಿಕ್ಕಿದ್ದು 1911ರಲ್ಲಿ. ಹೆಸರು ಬಂದದ್ದು ಆ ಪ್ರಾಂತ್ಯದಿಂದ. ಹುಳುವಿನ ಹೊಟ್ಟೆಯ ಕ್ಷಾರಕ್ಕೆ ಇದರ ಪ್ರೋಟೀನ್ ಹರಳು ಕರಗಿ ಕರುಳನ್ನು ತೂತು ಮಾಡುತ್ತದೆ. ಮೇಣದ ಹುಳುವೂ ರೇಷ್ಮೆ ಹುಳುವೂ ಪತಂಗದ ಮರಿಗಳೇ. ನಮ್ಮ ಜಿಲ್ಲೆಯಲ್ಲಿ ಹುಳು ಸಾಕಿ ಬದುಕುವ ಮನೆಗಳಿವೆ. ಹಿಪ್ಪುನೇರಳೆ ತೋಟ, ಹುಳುಮನೆ ಹತ್ತಿರ ಸಿಂಪಡಿಸಬೇಡಿ ಎಂದು ದಪ್ಪಕ್ಷರದಲ್ಲಿ ಹಾಕಿ.

ಚಿಕ್ಕಮಗಳೂರಿನಿಂದ:

ಗುಂಡಗಿಲ್ಲ ಅನ್ನುವುದಾದರೆ ‘ಕೋಲಣು’ ಎನ್ನಿ. ನಾವು ಪದ ಕಟ್ಟದಿದ್ದರೆ ಇನ್ಯಾರು ಕಟ್ಟುತ್ತಾರೆ?

ಅರಸೀಕೆರೆಯಿಂದ:

ಅಣು ಸಂಸ್ಕೃತದ್ದು. ನಮ್ಮದೇ ಅಂದುಕೊಂಡಿರುವ ‘ಮೇಣ’ವೂ ‘ಮದನ’ದ ತದ್ಭವ. ‘ಕಾಫಿ’ ಎಲ್ಲಿಂದ ಬಂತೆಂದು ನಿಮ್ಮ ಊರಿನವರಿಗೆ ನಾನು ಹೇಳಬೇಕಿಲ್ಲ. ನಾಲಿಗೆಗೆ ಒಗ್ಗಿದ ಮೇಲೆ ಅದು ನಮ್ಮ ಪದವೇ. ಬ್ಯಾಕ್ಟೀರಿಯಾ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಅದನ್ನೇ ಇಡಿ.

ಚಿಕ್ಕಮಗಳೂರಿನಿಂದ:

ಒಗ್ಗಿದ್ದಕ್ಕೂ ಒಗ್ಗಿಸಿದ್ದಕ್ಕೂ ವ್ಯತ್ಯಾಸವಿದೆ. ನಾನು ಒಪ್ಪುವುದಿಲ್ಲ.

ಸಕಲೇಶಪುರದಿಂದ:

‘ಮೇಣದ ಹುಳು ಕೊಲ್ಲುವ ಮಣ್ಣಿನ ಬ್ಯಾಕ್ಟೀರಿಯಾ’ ಎಂದೇ ಹಾಕುತ್ತಿದ್ದೇನೆ. ರೇಷ್ಮೆಯ ಸಾಲು ಮೇಲುಗಡೆಯೇ ಸೇರಿಸಿದೆ, ಸಾರ್, ತುಂಬಾ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ. ‘ಎರಿ’ ಅಂದರೆ ಬಯಲುಸೀಮೆ ಕಡೆಯವರಿಗೆ ತಿಳಿಯುತ್ತಾ, ‘ಜೇನುತಟ್ಟಿ’ ಅನ್ನಬೇಕಾ? ರಾತ್ರಿಯೊಳಗೆ ಹೇಳಿ.