ಗ್ರಾಫಿಕ್ಸ್ ಕಾರ್ಡ್ ಹೊಸದು, ಆಟ ಮಾತ್ರ ಮೊದಲಿಗಿಂತ ನಿಧಾನ: ದೋಷ ಎಲ್ಲಿದೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಕಂಪ್ಯೂಟರ್‌ನಲ್ಲಿ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ ಹಾಗೂ 3200 ವೇಗದ, ತಲಾ 8 ಜಿಬಿಯ ಎರಡು ರ್‍ಯಾಮ್ ಸ್ಟಿಕ್‌ಗಳಿವೆ. ಕಳೆದ ವಾರ ಜಿಟಿಎಕ್ಸ್ 1660 ಕಾರ್ಡ್ ತೆಗೆದು ಆರ್‌ಟಿಎಕ್ಸ್ 3060 ಟಿಐ ಹಾಕಿದೆ. ಕೇಸ್ ಹೇಗೂ ತೆರೆದಿತ್ತೆಂದು, ನನ್ನ ಬಳಿ ಇದ್ದ 2666 ವೇಗದ 16 ಜಿಬಿ ಸ್ಟಿಕ್ ಒಂದನ್ನೂ ಖಾಲಿ ಸ್ಲಾಟ್‌ನಲ್ಲಿ ಕೂರಿಸಿದೆ. 1080ಪಿಯಲ್ಲಿ ಸೆಕೆಂಡಿಗೆ ಸರಾಸರಿ 85 ಫ್ರೇಮ್ (ಚಿತ್ರ) ಕೊಡುತ್ತಿದ್ದ ಆಟ ಈಗ 70ಕ್ಕೆ ಇಳಿದಿದ್ದು, ನಡುನಡುವೆ ತಡವರಿಸುತ್ತದೆ. ಹಳೆಯ ಡ್ರೈವರ್ ಪೂರ್ತಿ ಅಳಿಸಿ ಹೊಸದನ್ನು ಹಾಕಿದ್ದೇನೆ. ಪವರ್ ಸಪ್ಲೈ 650 ವ್ಯಾಟ್‌ನದು. ಆಡುವಾಗ ಗ್ರಾಫಿಕ್ಸ್ ಕಾರ್ಡ್‌ನ ಬಳಕೆ ಶೇ. 50, ಪ್ರೊಸೆಸರ್‌ನದು ಶೇ. 45 ಎಂದು ಕಾಣಿಸುತ್ತದೆ. ಎರಡಕ್ಕೂ ಅರ್ಧದಷ್ಟು ಬಿಡುವಿರುವಾಗ ಆಟ ನಿಧಾನವಾಗುವುದೇಕೆ? ಕಾರ್ಡೇ ಕೆಟ್ಟದ್ದು, ಹಿಂದಿರುಗಿಸು ಎಂದು ಗೆಳೆಯರು ಹೇಳುತ್ತಿದ್ದಾರೆ.

ಉತ್ತರ: ದಯವಿಟ್ಟು ಕಾರ್ಡನ್ನು ಈಗಲೇ ಹಿಂದಿರುಗಿಸಬೇಡಿ. ನೀವು ಕೊಟ್ಟ ಅಂಕಿಗಳು ಕಾರ್ಡ್‌ನ ಮೇಲೆ ತಪ್ಪು ಹೊರಿಸುವುದಿಲ್ಲ. ಅದಕ್ಕೆ ಸಾಕಷ್ಟು ಕೆಲಸ ಬರುತ್ತಿಲ್ಲ ಎಂದಷ್ಟೇ ಹೇಳುತ್ತವೆ.

ಮೊದಲು ಆ ಶೇ. 45ರ ವಿಷಯ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ. ನಿಮ್ಮ ಪ್ರೊಸೆಸರ್‌ನಲ್ಲಿ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು) ಇವೆ. ಅವುಗಳಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8ರಷ್ಟಾಗಿ ಮಾತ್ರ ಕಾಣುತ್ತದೆ. ಬಹಳಷ್ಟು ಆಟಗಳಲ್ಲಿ ಪ್ರತಿ ಫ್ರೇಮ್‌ನ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ಮೇಲೆಯೇ ಬೀಳುವುದರಿಂದ, ಉಳಿದವು ಬಿಡುವಾಗಿದ್ದರೂ ಆ ಒಂದು ಥ್ರೆಡ್ ಮುಗಿಸುವ ತನಕ ಗ್ರಾಫಿಕ್ಸ್ ಕಾರ್ಡ್ ಕಾಯಲೇಬೇಕು. ಹಾಗಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಒಟ್ಟು ಬಳಕೆಯ ಬದಲು ಒಂದೊಂದು ಥ್ರೆಡ್‌ನ ಚಿತ್ರವನ್ನು ತೆರೆದು ನೋಡಿ. ಜೊತೆಗೆ ಆಟದ ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್‌ಗಳು ಏರದೆ 70ರಲ್ಲೇ ನಿಂತರೆ ಅಡ್ಡಿ ಇರುವುದು ಪ್ರೊಸೆಸರ್ ಮತ್ತು ರ್‍ಯಾಮ್ ಕಡೆ ಎಂಬುದು ಖಚಿತ.

ನನ್ನ ಬಲವಾದ ಅನುಮಾನ ಆ 16 ಜಿಬಿ ಸ್ಟಿಕ್‌ನ ಮೇಲೆ. ಬೇರೆ ಬೇರೆ ವೇಗದ ರ್‍ಯಾಮ್‌ಗಳನ್ನು ಒಟ್ಟಿಗೆ ಹಾಕಿದಾಗ ಎಲ್ಲವೂ ಒಂದೇ ವೇಗದಲ್ಲಿ ಓಡಬೇಕಾಗುತ್ತದೆ; ಮದರ್‌ಬೋರ್ಡ್‌ಗೆ ಅವು ಹೊಂದಿಕೊಳ್ಳದಿದ್ದರೆ ಅದು ಎಕ್ಸ್‌ಎಂಪಿಯನ್ನು (ಸ್ಟಿಕ್ ತನ್ನ ಪೂರ್ಣ ವೇಗದಲ್ಲಿ ಓಡುವಂತೆ ಮಾಡುವ ಸೆಟ್ಟಿಂಗ್) ಕೈಬಿಟ್ಟು ತೀರಾ ಕೆಳಗಿನ ವೇಗಕ್ಕೆ ಇಳಿಯುವುದುಂಟು. ರೈಜನ್ 3000 ಸರಣಿಯಲ್ಲಿ ಇದರ ಪೆಟ್ಟು ರ್‍ಯಾಮ್‌ಗಷ್ಟೇ ನಿಲ್ಲುವುದಿಲ್ಲ. ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಸಾಮಾನ್ಯವಾಗಿ ರ್‍ಯಾಮ್‌ನ ಗಡಿಯಾರಕ್ಕೇ (ಅಂದರೆ ಅದರ ವೇಗದ ಅಂಕಿಯ ಅರ್ಧಕ್ಕೆ) ಹೆಜ್ಜೆ ಹಾಕುತ್ತದೆ: 3200ರ ರ್‍ಯಾಮ್‌ಗೆ 1600 ಮೆಗಾಹರ್ಟ್ಸ್, 2133ಕ್ಕೆ ಇಳಿದರೆ ಸುಮಾರು 1067. ಅಂದರೆ ರ್‍ಯಾಮ್ ಕುಂಟಿದರೆ ಪ್ರೊಸೆಸರ್ ಕೂಡ ಕುಂಟುತ್ತದೆ. ಅದರ ಮೇಲೆ ಒಂದು ಚಾನೆಲ್‌ನಲ್ಲಿ (ಪ್ರೊಸೆಸರ್‌ನಿಂದ ಮೆಮೊರಿಗೆ ಇರುವ ಎರಡು ದಾರಿಗಳಲ್ಲಿ ಒಂದು) 24 ಜಿಬಿ, ಇನ್ನೊಂದರಲ್ಲಿ 8 ಜಿಬಿ ಇರುವುದರಿಂದ ಮೆಮೊರಿಯ ಒಂದು ಭಾಗಕ್ಕೆ ಡ್ಯುಯಲ್ ಚಾನೆಲ್‌ನ (ಎರಡೂ ದಾರಿಗಳನ್ನು ಒಟ್ಟಿಗೆ ಬಳಸುವುದರ) ಲಾಭವೇ ಸಿಗುವುದಿಲ್ಲ.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಈಗಿನ ವೇಗ ಎಷ್ಟಿದೆ ನೋಡಿ. ಬಳಿಕ ಆ ಸ್ಟಿಕ್ ತೆಗೆದು, ಹಳೆಯ ಎರಡನ್ನು ಪ್ರೊಸೆಸರ್‌ನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಇರಿಸಿ, ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಅದರ ಹೆಸರು ಡಿಓಸಿಪಿ ಎಂದಿರುತ್ತದೆ. ಈ ಹಂತದಲ್ಲಿ ಬೇರೆ ಏನನ್ನೂ ಬದಲಿಸಬೇಡಿ. ಒಂದೇ ದಿನ ಎರಡು ಭಾಗ ಬದಲಿಸಿದ್ದರಿಂದಲೇ ತಪ್ಪು ಯಾವುದರದೆಂದು ನಿಮಗೆ ತಿಳಿಯದಾಯಿತು.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ಬಿ450 ಬೋರ್ಡ್‌ನಲ್ಲಿರುವುದು ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಬೋರ್ಡ್‌ಗೆ ಸೇರುವ ಸಂಪರ್ಕ) 3.0, ಆದರೆ ಕಾರ್ಡ್ 4.0ದ್ದು. ಅದೇ ಕಾರಣವಾಗಿರಬಹುದಲ್ಲವೇ ಸರ್? ನನ್ನ ಬಳಿಯೂ ಇಂಥದ್ದೇ ಬೋರ್ಡ್ ಇದ್ದು, ಅದರಲ್ಲಿ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ನಿರೀಕ್ಷಿಸಿದಷ್ಟು ಓಡುತ್ತಿಲ್ಲ.

ಉತ್ತರ: ನಿಮ್ಮ ವಿಷಯದಲ್ಲಿ ಹೌದು ಮೇಡಂ, ಅವರ ವಿಷಯದಲ್ಲಿ ಅಲ್ಲ. 3060 ಟಿಐ 16 ಲೇನ್‌ಗಳನ್ನು (ದತ್ತಾಂಶ ಸಾಗುವ ಸಾಲುಗಳು) ಬಳಸುವುದರಿಂದ 3.0 ಬೋರ್ಡ್‌ನಲ್ಲೂ ಅದಕ್ಕೆ ಹೆಚ್ಚಿನ ನಷ್ಟವಾಗುವುದಿಲ್ಲ. 6500 ಎಕ್ಸ್‌ಟಿಗೆ ಇರುವುದು 4 ಲೇನ್ ಮಾತ್ರ. 4.0 ಬೋರ್ಡ್‌ನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿಯ ದಾರಿ ಸಿಕ್ಕರೆ, 3.0ದಲ್ಲಿ ಸಿಗುವುದು ಅದರ ಅರ್ಧ. ಕಾರ್ಡ್‌ನ 4 ಜಿಬಿ ಮೆಮೊರಿ ತುಂಬಿದೊಡನೆ ಆಟ ಆ ಕಿರಿದಾದ ದಾರಿಯಲ್ಲೇ ರ್‍ಯಾಮ್‌ಗೆ ಓಡಾಡಬೇಕಾಗಿ ಬಂದು ತಡವರಿಸುತ್ತದೆ. ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟವನ್ನು ಒಂದೆರಡು ಹಂತ ಇಳಿಸಿ. ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಕಾರ್ಡ್ ಮೇಲಿನ ಉದ್ದ ಸ್ಲಾಟ್‌ನಲ್ಲೇ ಇದೆಯೆಂದೂ ಖಚಿತಪಡಿಸಿಕೊಳ್ಳಿ. ಕಾರ್ಡ್‌ನ ವಿವರ ತೋರಿಸುವ ತಂತ್ರಾಂಶ ಜಿಪಿಯು-ಝಡ್‌ನಲ್ಲಿ ಲೇನ್‌ಗಳನ್ನು ನೋಡುವಾಗ ಕಾರ್ಡ್‌ಗೆ ಕೆಲಸ ಕೊಟ್ಟೇ ನೋಡಬೇಕು, ಏಕೆಂದರೆ ಬಿಡುವಿನಲ್ಲಿರುವಾಗ ಅದು ವಿದ್ಯುತ್ ಉಳಿಸಲು ತಾನೇ ಪಿಸಿಐಇ 1.1ರ ವೇಗಕ್ಕೆ ಇಳಿದಿರುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಸರ್, ನೀವು ಹೇಳಿದಂತೆ ಮಾಡಿದೆ. ರ್‍ಯಾಮ್‌ನ ವೇಗ ನಿಜಕ್ಕೂ 2133 ಎಂದೇ ಇತ್ತು, 720ಪಿಗೆ ಇಳಿಸಿದಾಗಲೂ ಫ್ರೇಮ್‌ಗಳು 71 ದಾಟಲಿಲ್ಲ. ಸ್ಟಿಕ್ ತೆಗೆದು ಎಕ್ಸ್‌ಎಂಪಿ ಹಾಕಿದ ಮೇಲೆ 1080ಪಿಯಲ್ಲಿ ಸರಾಸರಿ 112 ಬರುತ್ತಿದೆ, ತಡವರಿಕೆ ನಿಂತಿದೆ. ಆದರೆ ಕಾರ್ಡ್‌ನ ಬಳಕೆ ಶೇ. 80ರ ಆಸುಪಾಸಿನಲ್ಲೇ ಇದೆ. ಇನ್ನೂ ಏನಾದರೂ ಉಳಿದಿದೆಯೇ?

ಉತ್ತರ: ಬಹಳ ಸಂತೋಷವಾಯಿತು. ಉಳಿದ ಶೇ. 20 ದೋಷವಲ್ಲ, ಅದು 3600 ಪ್ರೊಸೆಸರ್‌ನ ಮಿತಿ. ಆಟದ ನೆರಳು, ಬೆಳಕು ಮುಂತಾದ ಗುಣಮಟ್ಟವನ್ನು ಏರಿಸಿದರೆ ಫ್ರೇಮ್‌ಗಳು ಹೆಚ್ಚು ಕಡಿಮೆಯಾಗದೆ ಕಾರ್ಡ್‌ನ ಆ ಬಿಡುವು ಚಿತ್ರದ ಚೆಲುವಿಗೆ ಬಳಕೆಯಾಗುತ್ತದೆ. ಫ್ರೇಮ್‌ಗಳೇ ಹೆಚ್ಚಬೇಕೆಂದಿದ್ದರೆ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯನ್ನು ಹೆಚ್ಚಿನ ಬಿ450 ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಸ್ವೀಕರಿಸುತ್ತವೆ; 3600ರಲ್ಲಿ 32 ಎಂಬಿ ಇರುವ ಎಲ್3 ಕ್ಯಾಶ್ (ಪ್ರೊಸೆಸರ್‌ನ ಒಳಗಿನ ಅತಿ ವೇಗದ ಮೆಮೊರಿ) ಅದರಲ್ಲಿ 96 ಎಂಬಿ ಇದೆ, ಆಟಗಳಿಗೆ ಬೇಕಾದುದು ಅದೇ. ಅಪ್‌ಡೇಟ್ ಆದ ಬಳಿಕ ಎಕ್ಸ್‌ಎಂಪಿ ಆಫ್ ಆಗಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಮೊದಲ ಸಲ ಆನ್ ಮಾಡುವಾಗಲೇ ಬಯಾಸ್‌ಗೆ ಹೋಗಿ ನೋಡಿ. 32 ಜಿಬಿ ಬೇಕೇ ಬೇಕೆಂದಾದರೆ ಆ ಒಂಟಿ ಸ್ಟಿಕ್ ಅನ್ನು ಮತ್ತೆ ಸೇರಿಸಬೇಡಿ. ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಬರುವ, ತಲಾ 16 ಜಿಬಿಯ 3200 ವೇಗದ ಎರಡನ್ನೇ ಕೊಂಡುಕೊಳ್ಳಿ.