ಸಹಾಯ ಬೇಕು: ಬೈತಖೋಲ್‌ನಲ್ಲಿ ಅರ್ಜಿ ತುಂಬಲು ಕೊಂಕಣಿ ಬಲ್ಲವರು

ನಮಸ್ಕಾರ. ಕ್ಯಾಥೊಲಿಕ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಯುವಕರು ಮತ್ತು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಓದುತ್ತಿರುವ ದೈವಶಾಸ್ತ್ರ ವಿದ್ಯಾರ್ಥಿಗಳು ಸೇರಿ ಕಾರವಾರದ ಬೈತಖೋಲ್ ಬಂದರಿನ ಬಡ ಮೀನುಗಾರರಿಗೆ ಉಳಿತಾಯ-ಪರಿಹಾರ ಯೋಜನೆಯ ಅರ್ಜಿ ತುಂಬಿಕೊಡುತ್ತಿದ್ದೇವೆ. ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಬಲೆ ಹೆಣೆದ ಕೂಲಿ ಅಕ್ಕಿಗೂ ಸಾಲದು. ಈ ದಿನಗಳಿಗೆಂದೇ ಇರುವ ಈ ಯೋಜನೆಯಲ್ಲಿ ಅವರು ಉಳಿತಾಯವಾಗಿ ಕಟ್ಟುವ 1,500 ರೂಪಾಯಿಗೆ ಸರ್ಕಾರದ 3,000 ಸೇರಿ ಬರಬೇಕು.

ಹಣ ತಡೆಯುವುದು ಹೆಚ್ಚಾಗಿ ಹೆಸರಿನಲ್ಲೇ: ಆಧಾರ್‌ನಲ್ಲಿ ‘ಹರಿಕಂತ್ರ’, ಪಾಸ್‌ಬುಕ್ಕಿನಲ್ಲಿ ‘ಹರಿಕಾಂತ’. ಖಾತೆಗೆ ಆಧಾರ್ ಜೋಡಣೆಯಾಗದಿದ್ದರೂ ಅದೇ ಗತಿ. ಅರ್ಜಿ ಬರೆಯುವ ಮೊದಲೇ ಇವೆರಡನ್ನೂ ನೋಡಿಬಿಡಬೇಕು.

ಭಾನುವಾರ ಆರಾಧನೆಯ ನಂತರ ಎರಡು ತಾಸು ಕೊಡಬಲ್ಲ ಮೂವರು ಬೇಕು. ನಿವೃತ್ತ ಬ್ಯಾಂಕ್ ನೌಕರರು ಸಿಕ್ಕರೆ ದೊಡ್ಡ ಉಪಕಾರ. ಯಾವ ಧರ್ಮದವರಾದರೂ ಬನ್ನಿ. ಅರ್ಜಿಯ ಮೇಜಿನ ಬಳಿ ಉಪದೇಶ, ಕರಪತ್ರ ಯಾವುದೂ ಇರುವುದಿಲ್ಲ. ಬರುವವರು ಇಲ್ಲೇ ಕೆಳಗೆ ತಿಳಿಸಿ.